ಬೀಗರ ವಿಮಾನ

ಚನ್ನವೀರಪ್ಪನವರೂ ಅವರ ಬೀಗರೂ ಸೇರಿ, ರಿಮೋಟಿನಿಂದ ಹಾರುವ, ಎರಡು ಎಂಜಿನ್ನಿನ ಹಳೆಯ ಮಾದರಿ ವಿಮಾನವೊಂದನ್ನು ಕೊಂಡರು. ಎಡಗಡೆಯ ಎಂಜಿನ್ನನ್ನು ಬೀಗರು, ಬಲಗಡೆಯದನ್ನು ಚನ್ನವೀರಪ್ಪ ಆರು ತಿಂಗಳು ಕೂತು ರಿಪೇರಿ ಮಾಡಿದರು.

ಹಾರಿಸುವ ದಿನ ಎರಡೂ ಮನೆಯವರು ಬಯಲಿನಲ್ಲಿ ನೆರೆದರು. ಎರಡೂ ಎಂಜಿನ್ನು ಶುರುವಾದವು.

“ಬೀಗರ, ನಿಮ್ಮ ಎಂಜಿನ್ನು ಯಾಕೋ ಕೆಮ್ಮಾಕತ್ತೈತಿ. ಇವತ್ತು ಬ್ಯಾಡ್ರಿ,” ಎಂದರು ಚನ್ನವೀರಪ್ಪ.

“ನಂದೇನ್ ಕೆಮ್ಮಂಗಿಲ್ರಿ. ನಿಮ್ದ ಭಾಳ ಹಾರಾಡಾಕತ್ತೈತಿ,” ಎಂದು ಬೀಗರು ಮುಖ ಗಂಟುಹಾಕಿಕೊಂಡು ರಿಮೋಟು ಒತ್ತಿದರು.

ವಿಮಾನ ಬೇವಿನ ಮರದೆತ್ತರ ಏರುವಷ್ಟರಲ್ಲಿ ಎಡಗಡೆಯ ಎಂಜಿನ್ನು ನಿಂತಿತು. ವಿಮಾನ ಗಿರಕಿ ಹೊಡೆದು ಜೋಳದ ಹೊಲಕ್ಕೆ ಬಿದ್ದು ಮೂರು ತುಂಡಾಯಿತು. ಎಲ್ಲರಿಗಿಂತ ಮೊದಲು ಓಡಿದ ಚನ್ನವೀರಪ್ಪ ಮುರಿದ ಬಲರೆಕ್ಕೆಯನ್ನು ಎಂಜಿನ್ನಿನ ಸಮೇತ ಎತ್ತಿ ಹಿಡಿದು ಕೂಗಿದರು:

“ಬರ್ರಿ ಬೀಗರ, ಕೇಳ್ರಿ! ನಂದು ಇನ್ನೂ ಓಡಾಕತ್ತೈತಿ!”