ಮಾವನ ಅಳತೆ

“ಅಲ್ಲವಾ, ಅರವತ್ತ ದಾಟಿದ ಮ್ಯಾಲೂ ಗಂಡಸರು ಬೆಳೀತಾರೇನ?”

ಹುಚ್ಚವ್ವ ಇದನ್ನು ಕೇಳಿದ್ದು ಸೊಸೆ ರಾಜೇಶ್ವರಿಯನ್ನು. ಕೇಳುವಾಗ ಅವಳ ಎರಡೂ ಕೈ ಗಂಡನ ಸ್ವೆಟರಿನ ತೋಳು ಜಗ್ಗುವುದರಲ್ಲಿದ್ದವು. ಗಂಡ ಅರ್ಜುನಪ್ಪ ಆ ಸ್ವೆಟರಿನೊಳಗೆ ಸಿಕ್ಕಿಕೊಂಡಿದ್ದ. ತಲೆಯೇನೋ ಹೊರಗೆ ಬಂದಿತ್ತು. ಕೈಗಳೆರಡೂ ಮೇಲಕ್ಕೆ ನಿಂತುಬಿಟ್ಟಿದ್ದವು, ಇಳಿಯಲೊಲ್ಲವು. ಅಡುಗೆಮನೆಯ ಬಾಗಿಲ ಮರೆಯಲ್ಲಿ ನಿಂತ ರಾಜೇಶ್ವರಿ ನೋಡಬಾರದು ಎನ್ನುತ್ತಲೇ ನೋಡುತ್ತಿದ್ದಳು. ಅವಳಿಗೆ ನಗುವೂ ಬರಲಿಲ್ಲ, ಅಳುವೂ ಬರಲಿಲ್ಲ. ಯಾಕೆಂದರೆ ಇದು ಎರಡನೆಯ ಸಲ. ಮೊದಲ ಸಲ ಸಣ್ಣದಾಯಿತೆಂದು ಅಷ್ಟೂ ಬಿಚ್ಚಿ, ಅತ್ತೆಯಿಂದ ಮತ್ತೆ ಅಳತೆ ಕೇಳಿಕೊಂಡು, ಮೇಲೆ ಎರಡು ಬೆರಳು ಸಡಿಲವಾಗಿಯೇ ಹೆಣೆದಿದ್ದಳು. ಆದರೂ ಹೀಗೆ.

ಅಂತೂ ಬಿಡಿಸಿಕೊಂಡ ಅರ್ಜುನಪ್ಪ, ಕೂದಲು ಕೆದರಿಕೊಂಡೇ ಗೋಡೆಯ ಕಡೆ ತಿರುಗಿ ಮಾತಾಡಿದ. ಸೊಸೆ ಮನೆಗೆ ಬಂದು ಮೂರು ವರ್ಷವಾದರೂ ಅವಳಿಗೆ ಹೇಳಬೇಕಾದುದನ್ನು ಅವನು ಗೋಡೆಗೆ ಹೇಳುವವನು, ಇಲ್ಲವೇ ಹೆಂಡತಿಗೆ. ಸೊಸೆಯೂ ಅಷ್ಟೇ, ಅತ್ತೆಯ ಬಾಯಿಂದಲೇ ಉತ್ತರ ಕೊಡುವವಳು. ಆ ಮನೆಯ ರೂಢಿ ಅದು.

“ಇನ್ನೊಮ್ಮೆ ನೋಡೂಣು. ಮೂರನೇದ್ದೂ ಹಿಂಗ ಆತಂದ್ರ ಆ ಕಡ್ಡಿ ಅಟ್ಟಕ್ಕ ಒಗಿಯಾಕ ಹೇಳು. ಮತ್ತ ಉಲನ್ ಈ ಮನಿಯೊಳಗ ಬರಬಾರದು.”

ಹೇಳಿದವನು ಪಡಸಾಲೆಗೆ ನಡೆದ. ರಾಜೇಶ್ವರಿ ಮೊಬೈಲಿನಲ್ಲಿ ನೋಡಿ ನೋಡಿ ತಾನೇ ಕಲಿತ ವಿದ್ಯೆ ಅದು. ಈ ಸ್ವೆಟರ್ ಮುಗಿದರೆ ಮುಂದೆ ಏನು ಹೆಣೆಯಬೇಕೆಂದು ತಿಂಗಳಿಂದ ಅವಳ ತಲೆಯೊಳಗೆ ಸಂತೆ ನೆರೆದಿತ್ತು. ಪಕ್ಕದ ಮನೆಯ ಗಾಳೆವ್ವ ಟೊಪ್ಪಿಗೆ ಕೇಳಿದ್ದಳು. ಗೋವಾಕ್ಕೆ ದುಡಿಯಲು ಹೋದ ಗಂಡ ದುರಗೇಶನಿಗೆ ಅಲ್ಲಿ ಚಳಿಯೇ ಇಲ್ಲ, ಆದರೂ ಒಂದು ಆಗಲೇಬೇಕು ಅನ್ನಿಸುತ್ತಿತ್ತು. ಎಲೆ ಎಲೆಯಾಗಿ ಇಳಿಯುವ ಒಂದು ಶಾಲಿನ ನಮೂನೆಯನ್ನಂತೂ ಅವಳು ಮೊಬೈಲಿನಲ್ಲಿ ಕಾಪಿಟ್ಟುಕೊಂಡಿದ್ದಳು, ಅದು ತನಗೆ. ಬೆಳಿಗ್ಗೆ ಟೊಪ್ಪಿಗೆ ಎಂದರೆ ಸಂಜೆಗೆ ಶಾಲು. ಈಗ ನೋಡಿದರೆ ಎಲ್ಲವೂ ಮಾವನ ಮೈಗೆ ಬಂದು ನಿಂತಿತ್ತು.

ತಪ್ಪಾಗುವುದು ಎಲ್ಲಿ? ಮಾವನನ್ನು ಮುಟ್ಟಿ ಅಳೆಯುವಂತಿಲ್ಲ. ಜೀವಂತ ಮನುಷ್ಯನಿಗೆ ಟೇಪು, ದಾರ ಹಿಡಿಯಬಾರದೆಂದು ಅತ್ತೆಯ ಹಟ. ಅದು ಹೆಣಕ್ಕೆ ಕುಣಿ ತೋಡುವವರ ಕೆಲಸವಂತೆ. ಅಂಗಿಯ ಅಳತೆ ತೆಗೆಯೋಣವೆಂದರೆ ಅರ್ಜುನಪ್ಪನ ಅಂಗಿಯೊಳಗೆ ಇನ್ನೊಬ್ಬ ಆರಾಮ ಹೊಕ್ಕು ಕೂರಬಹುದು. ಹಾಗಾಗಿ ಹುಚ್ಚವ್ವನೇ ಗಂಡನ ಬೆನ್ನಿಗೆ ಗೇಣು ಹಾಕಿ ಹೇಳಿದ್ದಳು: ಅಗಲ ಎರಡೂವರೆ ಗೇಣು, ಉದ್ದ ಮೂರು ಗೇಣು. ರಾಜೇಶ್ವರಿ ಅದಕ್ಕೆ ಒಂದು ಕೂದಲೂ ಕಡಿಮೆ ಮಾಡಿರಲಿಲ್ಲ.

ಗಜೇಂದ್ರಗಡದಿಂದ ತಂದ ಉಲನ್ನೇ ಥಂಡಿಗೆ ಕುಗ್ಗಿರಬೇಕು ಎಂದು ಗಾಳೆವ್ವ ಹೇಳಿ ಹೋಗಿದ್ದಳು. ಹುಚ್ಚವ್ವನಿಗೆ ಆ ಗಾಳೆವ್ವನ ದೃಷ್ಟಿಯ ಮೇಲೆಯೇ ಅನುಮಾನ. ಕಡಲೆ ಹೊಲದಲ್ಲಿ ಇಬ್ಬನಿಯೊಳಗೆ ತಿರುಗಾಡಿ ಮಾವನ ಮೈ ಊದಿಕೊಂಡಿದೆಯೇನೋ ಎಂದು ರಾಜೇಶ್ವರಿಗೆ ಒಳಗೊಳಗೇ ಹೆದರಿಕೆ.

ಅತ್ತೆ ಸೊಸೆ ಸ್ವೆಟರನ್ನು ನೆಲಕ್ಕೆ ಹಾಸಿ ಕೂತರು. ರಾಜೇಶ್ವರಿ ಗೇಣು ಹಾಕಿದಳು. ಎರಡೂವರೆ, ಮೇಲೆ ಎರಡು ಬೆರಳು. ಹುಚ್ಚವ್ವ ಹಾಕಿದಳು. ಎರಡು, ಮೇಲೊಂದಿಷ್ಟು.

“ನೀ ಎಣಿಸೂದ ತಪ್ಪವಾ.”

“ಎರಡೂವರಿ ಎಣಿಸೂದ್ರಾಗ ಏನ್ ತಪ್ಪತೈತ್ರಿ ಅತ್ತಿ?”

ಮತ್ತೆ ಅಳೆದರು. ಅವಳಿಗೆ ಅದೇ ಬಂತು, ಇವಳಿಗೆ ಇದೇ ಬಂತು. ಸ್ವೆಟರಿನೊಳಗೇ ಏನೋ ಹೊಕ್ಕಿದೆಯೆಂಬಂತೆ ಇಬ್ಬರೂ ಅದನ್ನು ಮಿಕಿಮಿಕಿ ನೋಡಿದರು. ಮೂರನೆಯ ಸಲ ಯಾರೂ ಯಾರನ್ನೂ ನಂಬದೆ, ಒಂದೇ ಅಂಚಿನಿಂದ ಇಬ್ಬರೂ ಒಟ್ಟಿಗೆ ಕೈ ಚಾಚಿದರು. ಹುಚ್ಚವ್ವನ ಕಿರುಬೆರಳು ಸೊಸೆಯ ಕಿರುಬೆರಳನ್ನು ದಾಟಿ ಎಷ್ಟೋ ಮುಂದೆ ಹೋಗಿ ಕೂತಿತು.

ಇಬ್ಬರೂ ಕೈ ತೆಗೆಯಲಿಲ್ಲ. ಹುಚ್ಚವ್ವ ತನ್ನ ಕೈಯನ್ನು ಯಾರದೋ ಎಂಬಂತೆ ನೋಡಿದಳು. ಎಷ್ಟೋ ವರ್ಷ ಕಸ ಕಿತ್ತ, ಹತ್ತಿ ಬಿಡಿಸಿದ, ರೊಟ್ಟಿ ಬಡಿದ ಕೈ. “ನಂದು ಇಷ್ಟ ದೊಡ್ಡದೈತೇನ?” ಎಂದು ತಾನೇ ಕೇಳಿಕೊಂಡಳು.

ರಾಜೇಶ್ವರಿಗೆ ಉತ್ತರ ಸಿಕ್ಕಿತ್ತು, ಆದರೆ ದಾರಿ ಸಿಕ್ಕಿರಲಿಲ್ಲ. “ಹಂಗಾರ ಈಗ ಯಾರ ಗೇಣ ಹಿಡಿಯೂಣ್ರಿ?”

“ಅದ ತಿಳೀವಲ್ತು. ಅಳಿಯಾಕಿ ನಾನು, ನನಗ ಹೆಣಿಯಾಕ ಬರಂಗಿಲ್ಲ. ಹೆಣಿಯಾಕಿ ನೀನು, ನೀ ಅಳಿಯಾಂಗಿಲ್ಲ.”

ಪಡಸಾಲೆಯಲ್ಲಿ ಕೆಮ್ಮು ಕೇಳಿಸಿತು. ಅರ್ಜುನಪ್ಪ ಬನಿಯನ್ನಿನಲ್ಲೇ ಒಳಗೆ ಬಂದ. ಯಾರನ್ನೂ ನೋಡದೆ ಮಣೆ ಎಳೆದುಕೊಂಡು, ಸೊಸೆಗೆ ಬೆನ್ನು ಮಾಡಿ ಕೂತ. “ಹೆಣಿಯೋರು ಯಾರೋ, ಅಳತೀನೂ ಅವರ ತಗೋಳ್ಳಿ” ಎಂದು ಗೋಡೆಗೆ ಹೇಳಿದ.

ರಾಜೇಶ್ವರಿ ಅತ್ತೆಯ ಮುಖ ನೋಡಿದಳು. ಅತ್ತೆ ಎದ್ದು ಹೋಗಿ ಬೀದಿಯ ಬಾಗಿಲು ಮುಂದೆ ಮಾಡಿ ಬಂದಳು. ಸೊಸೆ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಕೈಯನ್ನು ಸೀರೆಗೆ ಒರೆಸಿ, ಮಾವನ ಬೆನ್ನಿನ ಒಂದು ತುದಿಗೆ ಹೆಬ್ಬೆರಳಿಟ್ಟಳು. ಬೆನ್ನು ಕಟ್ಟಿಗೆಯಾಗಿತ್ತು. ಪರೀಕ್ಷೆಗೆ ಕೂತ ಹುಡುಗನಂತೆ ಅವನು ಭುಜ ಒಳಗೆಳೆದು, ಮೈಯೆಲ್ಲ ಮುದುಡಿಕೊಂಡಿದ್ದ.

ರಾಜೇಶ್ವರಿ ಅತ್ತೆಯ ಕಡೆ ತಿರುಗಲಿಲ್ಲ. “ಮೈ ಸಡ್ಲ ಬಿಡ್ರಿ, ಮಾವ. ಹಿಂಗ ಕುಂತ್ರ ಮೂರನೇದ್ದೂ ಸಣ್ಣದಾಕ್ಕೈತಿ.”

ಅರ್ಜುನಪ್ಪ ದೊಡ್ಡದೊಂದು ಉಸಿರು ಬಿಟ್ಟ. ಬೆನ್ನು ಅಗಲವಾಯಿತು. ಎರಡನೆಯ ಗೇಣಿಗೆ ಹೊರಟಿದ್ದ ಅವಳ ಬೆರಳು ಜಾಗ ತಪ್ಪಿತು. ಅವಳು ಕೈ ತೆಗೆದು, ಮತ್ತೆ ಮೊದಲಿನಿಂದ ಅಳೆಯತೊಡಗಿದಳು.