ಉಳುಕಿದ ಕಾಲು

"ಕಾಲು ಹೇಗಿದೆಯೋ?" ಸಿಪಾಯಿಗಳು ಎಲಾದಿಯೊನನ್ನು ಹಿಡಿದು ತಂದು ಕೋಟೆಯೊಳಗಿನ ಜೈಲಿನ ಅಂಗಳದಲ್ಲಿ ನಿಲ್ಲಿಸಿದಾಗ ಅವನು ಗೆಳೆಯ ಮಾರ್ಸೆಲಿನೊನನ್ನು ಕೇಳಿದ ಮೊದಲ ಮಾತು ಅದು. ಮುಳ್ಳುಕಾಡು ತುಳಿದ ಎಲಾದಿಯೊನ ಬರಿಗಾಲಿನ ಚರ್ಮ ಕಿತ್ತುಬಂದಿತ್ತು. ಕುಳಿತಿದ್ದ ಮಾರ್ಸೆಲಿನೊನ ಕೈಯಲ್ಲಿ ಬೇಳೆಸಾರು ತುಂಬಿದ ತಟ್ಟೆ. ಓಡಿಹೋಗದೆ ಉಳಿದ ಕೈದಿಗಳಿಗೆಲ್ಲ ಅಂದು ಎರಡೆರಡು ಸೌಟು.

ಸ್ಪೇನಿನಲ್ಲಿ ಅಂತರ್ಯುದ್ಧ ಶುರುವಾಗಿ ಎರಡು ವರ್ಷವಾಗುತ್ತ ಬಂದಿತ್ತು. ಹಿಂದಿನ ಸಂಜೆ ಕೈದಿಗಳು ಕಾವಲಿನವರ ಬಂದೂಕು ಕಸಿದುಕೊಂಡು ಕೋಟೆಯ ಬಾಗಿಲು ತೆರೆದಿದ್ದರು. ನೂರಾರು ಜನ ಫ್ರಾನ್ಸಿನ ಗಡಿಯತ್ತ ಬೆಟ್ಟ ಇಳಿದು ಓಡಿದರು. "ಏಳೋ, ಬಾರೋ!" ಎಂದು ಎಲಾದಿಯೊ ತೋಳು ಹಿಡಿದು ಎಳೆದಾಗ ಮಾರ್ಸೆಲಿನೊ ಭಯಕ್ಕೆ ಗೋಡೆಗೆ ಒತ್ತಿಕೊಂಡ. "ಕಾಲು ಉಳುಕಿದೆ ಕಣೋ, ನೀನು ಹೋಗು" ಎಂದುಬಿಟ್ಟ. ಕಾಲಿಗೆ ಏನೂ ಆಗಿರಲಿಲ್ಲ.

"ಪರವಾಗಿಲ್ಲ," ಎಂದ ಈಗ, ತಟ್ಟೆಯನ್ನೇ ನೋಡುತ್ತ.

"ಹೊಳೆ ತನಕ ಹೋಗಿದ್ದೆ ಮಾರಾಯ," ಎಲಾದಿಯೊ ದನಿ ತಗ್ಗಿಸಿದ. "ಕುಂಟನ್ನ ಬಿಟ್ಟು ಬಂದೆನಲ್ಲ ಅಂತ ಮನಸ್ಸು ತಡೀಲಿಲ್ಲ. ಹೊತ್ಕೊಂಡಾದ್ರೂ ಹೋಗೋಣ ಅಂತ ವಾಪಸ್ ಬರ್ತಿದ್ದೆ, ಸಿಕ್ಕಿಬಿದ್ದೆ. ಬೈಬೇಡ, ಆಯ್ತಾ?"

ಮಾರ್ಸೆಲಿನೊ ನಿಜ ಹೇಳಲು ಬಾಯಿ ತೆರೆದ. ತಟ್ಟೆ ಎತ್ತಿ ಒಂದು ಗುಟುಕು ಸಾರು ಕುಡಿದ.

"ಓಡದೇ ಇದ್ದ ಒಳ್ಳೇ ಮಕ್ಕಳೆಲ್ಲ ಈ ಕಡೆ ಬನ್ನಿ!" ಕಾವಲುಗಾರ ಅಂಗಳದ ಆಚೆ ತುದಿಯಿಂದ ಕೂಗಿದ. ಮಾರ್ಸೆಲಿನೊ ಎದ್ದ. ಎಲಾದಿಯೊನ ಕಣ್ಣು ತನ್ನ ಬೆನ್ನ ಮೇಲಿದೆ ಎಂದು ಅವನಿಗೆ ಗೊತ್ತಿತ್ತು. ಒಂದು ಹೆಜ್ಜೆ ನೆಟ್ಟಗೆ ಇಟ್ಟವನು, ಎರಡನೆಯದಕ್ಕೆ ಬಲಗಾಲನ್ನು ಎಳೆಯತೊಡಗಿದ.

"ನಿಧಾನ ಕಣೋ," ಎಂದ ಎಲಾದಿಯೊ ಹಿಂದಿನಿಂದ.