ಸರ್ವರ್ ಮಲಗೈತೆ

"ಈ ಬೆಕ್ಕನ್ನ ಸ್ಕೂಲಿಗೆ ಹಾಕಿದ್ರೂ ನಿನಗಿಂತ ಮೊದಲು ಪಾಸಾಗ್ತಿತ್ತು ಕಣಲೇ, ಜುಂಜ!"

ಹಿರಿಯೂರಿನ ಒಂದು ಆನ್‌ಲೈನ್ ಸೆಂಟರಿನಲ್ಲಿ ನವೆಂಬರ್ ತಿಂಗಳ ಪಿಂಚಣಿದಾರರ ಸಾಲು ಬಾಗಿಲು ದಾಟಿ ಬೀದಿಗೆ ಬಂದಿತ್ತು. ಅಷ್ಟೂ ಜನ ನಕ್ಕರು. ಹೇಳಿದವರು ಚಿತ್ರಲಿಂಗಪ್ಪ ಮೇಷ್ಟ್ರು, ಒಂಬತ್ತನೇ ಕ್ಲಾಸಿನಲ್ಲಿ ಜುಂಜಪ್ಪನನ್ನು ಹೊರಗೆ ನಿಲ್ಲಿಸಿದವರು. ಅವತ್ತು ಹೊರಗೆ ನಿಂತವನು ಮತ್ತೆ ಒಳಗೆ ಹೋಗಲೇ ಇಲ್ಲ. ಈಗ ಮೇಷ್ಟ್ರು, ಈ ಸೆಂಟರಿನಲ್ಲಿ ಕೆಲಸಕ್ಕಿದ್ದ ಅವನೆದುರಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದರು, ತಾವಿನ್ನೂ ಬದುಕಿದ್ದೇವೆ ಎಂದು ಸರ್ಕಾರಕ್ಕೆ ತೋರಿಸಲು. ಅವರಿಗೆ ಸಿಟ್ಟು ಬಂದದ್ದು ಬಿಳಿ ಪಂಚೆಗೆ ಅಂಟಿದ್ದ ಬೆಕ್ಕಿನ ಕೂದಲು ನೋಡಿ.

"ಅದು ಬ್ಯಾಕಪ್ ಸಾ," ಎಂದ ಜುಂಜಪ್ಪ ಹಲ್ಲು ಕಚ್ಚಿ. "ಹೋದ ಕಡೆಯೆಲ್ಲ ಒಂದು ಕಾಪಿ ಬಿಟ್ಟು ಹೋಗುತ್ತೆ."

ಬೆಕ್ಕು ಬಿಸಿ ಪ್ರಿಂಟರಿನ ಮೇಲೆ ಸುತ್ತಿಕೊಂಡು ಮಲಗಿತ್ತು. ಹೆಸರು ಸರ್ವರ್. ಮನಸ್ಸಿದ್ದರೆ ಕೆಲಸ, ಇಲ್ಲದಿದ್ದರೆ ಇಲ್ಲ. ಎದುರಿಗೆ ಎಷ್ಟು ಜನ ಕಾದಿದ್ದರೂ ಕ್ಯಾರೇ ಅನ್ನುವುದಿಲ್ಲ. ಬಂದವರಿಗೆಲ್ಲ ಜುಂಜಪ್ಪ ಅದರ ವಿವರ ಹೇಳುತ್ತಿದ್ದ. "ನಾವು ಇನ್‌ಸ್ಟಾಲ್ ಮಾಡಿದ್ದಲ್ಲ, ತಾನಾಗೇ ಡೌನ್‌ಲೋಡ್ ಆಗಿ ಬಂತು. ಡಿಲೀಟ್ ಮಾಡಾಕೆ ಬಟನ್ನೇ ಇಲ್ಲ. ಹಸಿವಾದ್ರೆ ಮಾತ್ರ ನೋಟಿಫಿಕೇಶನ್, ಹಾಲು ಇಡೋತಂಕ ನಿಲ್ಲಲ್ಲ. ನಿಮ್ಮನ್ನ ನೋಡ್ತಾ ನಿಧಾನಕ್ಕೆ ಕಣ್ಣು ಮುಚ್ಚಿ ತೆಗೀತು ಅಂದ್ರೆ, ಪೇರಿಂಗ್ ಆಗಿ ಕನೆಕ್ಷನ್ ಸಿಕ್ತು ಅಂತ ತಿಳ್ಕಳ್ರಿ. ನೀವೂ ಹಂಗೇ ಮಾಡ್ಬೇಕು."

ಮೇಷ್ಟ್ರು ಅವನನ್ನು ಬಿಟ್ಟು ಅಂಗಡಿಯ ಒಡತಿ ರೇಣುಕಾಳ ಕಡೆ ತಿರುಗಿದರು. "ನೋಡಮ್ಮ, ಈ ಪೀಡೆ ಇಲ್ಲಿದ್ರೆ ನಮ್ಮ ಸಂಘದ ಪಿಂಚಣಿದಾರರು ಒಬ್ಬರೂ ಈ ಕಡೆ ತಲೆ ಹಾಕಲ್ಲ. ನಾನೇ ಹೇಳ್ತೀನಿ ಎಲ್ಲರಿಗೂ."

ರೇಣುಕಾ ಸಾಲು ನೋಡಿದಳು, ಬೆಕ್ಕು ನೋಡಿದಳು. "ಜುಂಜ, ಸಂಜೆ ಇದನ್ನ ಗೋಣಿಚೀಲದಾಗೆ ಹಾಕ್ಕೊಂಡು ಹೋಗಿ ಮಾರಿಕಣಿವೆ ಡ್ಯಾಮ್ ಹತ್ರ ಬಿಟ್ಟು ಬಾ. ಅಲ್ಲಿ ಮೀನು ಸಿಗ್ತವೆ, ಬದುಕ್ಕಂತೈತೆ."

"ಅಕ್ಕ..."

"ಬ್ಯಾಡ ಕಣೋ. ನನಗೂ ಹೊಟ್ಟೆಪಾಡು ಐತೆ."

ಗ್ಯಾರೇಜು, ಐಮಂಗಲದ ಡಾಬಾ, ಲಾರಿ ಕ್ಲೀನರ್ ಕೆಲಸ, ಯಾವುದರಿಂದಲೂ ಜುಂಜಪ್ಪ ಜಗಳವಾಡದೆ ಹೊರಬಂದವನಲ್ಲ. ಇಲ್ಲಿಯೂ ಮೊದಲ ದಿನವೇ ಯಾರೋ 'ಹೆಬ್ಬೆಟ್ಟು' ಅಂದಿದ್ದಕ್ಕೆ ಕೀಬೋರ್ಡ್ ಎತ್ತಿ ಕುಕ್ಕಿ ಹೊರಟಿದ್ದ. ಬಾಗಿಲಲ್ಲಿ ಬಿಟ್ಟಿದ್ದ ಚಪ್ಪಲಿಯ ಮೇಲೆ ಎಲ್ಲಿಂದಲೋ ಬಂದ ಈ ಬೆಕ್ಕು ಮಲಗಿತ್ತು. ಒದ್ದು ಏಳಿಸಲು ಕಾಲು ಬರಲಿಲ್ಲ. ಮೆಟ್ಟಿಲ ಮೇಲೆ ಕೂತು ಕಾದ. ಅದು ಎದ್ದು ಮೈಮುರಿಯುವ ಹೊತ್ತಿಗೆ ಸಿಟ್ಟು ಇಳಿದುಹೋಗಿತ್ತು. ವಾಪಸ್ ಒಳಗೆ ಬಂದು ಕೀಬೋರ್ಡ್ ಒರೆಸಿಟ್ಟ. ಇವತ್ತು ಅಮ್ಮನ ಕೈಗೆ ಸಂಬಳ ಕೊಡುತ್ತಿದ್ದರೆ ಅದು ಆ ಬೆಕ್ಕಿನ ಒಂದು ನಿದ್ದೆಯ ಪುಣ್ಯ.

"ಮೊಬೈಲ್ ನೋಡ್ರಿ ಸಾ," ಎಂದ, ದನಿ ಬಿಗಿಹಿಡಿದು. ಮೇಷ್ಟ್ರ ಸವೆದ ಹೆಬ್ಬೆರಳನ್ನು ಮೆಷಿನ್ ಆಗಲೇ ಬೇಡ ಅಂದಿತ್ತು. ಉಳಿದದ್ದು ಮುಖ. ಪರದೆಯ ಮೇಲೆ 'ಕಣ್ಣು ಮಿಟುಕಿಸಿ' ಎಂದು ಬಂತು. ಮೇಷ್ಟ್ರು ದುರುಗುಟ್ಟಿ ನೋಡಿದರು.

"ಮಿಟುಕಿಸ್ರಿ ಸಾ."

ಅವರು ಔಷಧಿ ಕುಡಿಯುವವರಂತೆ ಕಣ್ಣು ಗಟ್ಟಿಯಾಗಿ ಮುಚ್ಚಿದರು. ಕೆಂಪು ಗೆರೆ. ಮತ್ತೊಮ್ಮೆ. ಮತ್ತೆ ಕೆಂಪು. ಇಡೀ ಆಯುಷ್ಯ ಹೇಳಿ ಮಾಡಿಸಿದವರಿಗೆ ಹೇಳಿಸಿಕೊಂಡು ಮಾಡುವುದು ಬರುತ್ತಿರಲಿಲ್ಲ.

"ಮೇಷ್ಟ್ರು ಬದುಕವ್ರೆ ಅಂತ ಬೇಕಾದ್ರೆ ನಾನು ಸಾಕ್ಷಿ ಹೇಳ್ತೀನಪ್ಪ," ಎಂದಳು ಸಾಲಿನಲ್ಲಿದ್ದ ಬರಗೇರಮ್ಮ. "ಆಗ್ಲಿಂದ ಬೈತಾನೇ ಅವ್ರಲ್ಲ!"

ಮತ್ತೆ ನಗು. ಈ ಸಲ ಮೇಷ್ಟ್ರ ಮೇಲೆ. ಅವರು ಕನ್ನಡಕ ತೆಗೆದು ಒರೆಸಿದರು. "ಇವತ್ತೇ ಕಡೇ ದಿನ ಅಲ್ವೇನೋ?" ಎಂದರು, ಅವನಿಗಷ್ಟೇ ಕೇಳುವಂತೆ. ಜುಂಜಪ್ಪ ನಗಲಿಲ್ಲ. ಕ್ಲಾಸಿನ ಹೊರಗೆ ನಿಂತಾಗ ಒಳಗಿನವರ ನಗು ಹೇಗೆ ಕೇಳಿಸುತ್ತದೆಂದು ಅವನಿಗೆ ಗೊತ್ತಿತ್ತು.

"ಇನ್ನೊಂದ್ಸಲ ನೋಡಾಣ ಸಾ," ಎಂದು ಮೊಬೈಲ್ ಎತ್ತಿ ಹಿಡಿದ.

ಸರ್ವರ್ ಆನ್ ಆಯಿತು. ಪ್ರಿಂಟರ್ ಮೇಲಿಂದ ಎದ್ದು ಬೆನ್ನು ಬಿಲ್ಲು ಮಾಡಿ, ಜುಂಜಪ್ಪನ ಹೆಗಲಿಗೆ ಹಾರಿ, ಮೊಬೈಲಿನ ಮೇಲಿಂದ ಮೇಷ್ಟ್ರನ್ನು ನೋಡಿತು. ಮೇಷ್ಟ್ರೂ ದಿಟ್ಟಿಸಿದರು. ಇಬ್ಬರೂ ಸೋಲುವವರಲ್ಲ. ಕೊನೆಗೆ ಬೆಕ್ಕು, ಅವಸರವೇ ಇಲ್ಲದೆ, ಕಣ್ಣು ಮುಚ್ಚಿ ತೆರೆಯಿತು.

ಮೇಷ್ಟ್ರೂ ಮುಚ್ಚಿ ತೆರೆದರು.

ಟಿಂಗ್. ಹಸಿರು ಗುರುತು.

"ಬದುಕಿದ್ರಪ್ಪ!" ಎಂದಳು ಬರಗೇರಮ್ಮ.

ಅಷ್ಟರಲ್ಲಿ ರೇಣುಕಾ ಹಿಂದಿನಿಂದ ಗೋಣಿಚೀಲ ಕೊಡವುತ್ತಾ ಬಂದಳು. ಮೇಷ್ಟ್ರು ಕೈ ಅಡ್ಡ ಹಿಡಿದರು. "ಅದನ್ನ ಒಳಗಿಡಮ್ಮ."

"ಮತ್ತೆ ಬೆಕ್ಕು?"

"ಬೆಕ್ಕು ಪಾಸು." ಬೆಕ್ಕು ಆಗಲೇ ಅವರ ತೊಡೆಗಿಳಿದು ಪಂಚೆಯ ತುಂಬ ಬ್ಯಾಕಪ್ ತೆಗೆಯುತ್ತಿತ್ತು. ಅವರು ಕೊಡವಲಿಲ್ಲ. ತಲೆಯೆತ್ತಿ ಜುಂಜಪ್ಪನನ್ನು ನೋಡಿದರು. "ನೀನಿನ್ನೂ ಫೇಲೇ ಕಣಲೇ. ಏನಂತೀಯ?"

ಸಾಲಿನವರು ಕತ್ತು ಚಾಚಿದರು. ಜುಂಜಪ್ಪನ ಬಾಯಿ ಎಂಥದೆಂದು ಎಲ್ಲರಿಗೂ ಗೊತ್ತು. ಒಂಬತ್ತನೇ ಕ್ಲಾಸಿನಿಂದ ಸಾಣೆ ಹಿಡಿದಿಟ್ಟ ಉತ್ತರ ಅವನ ನಾಲಿಗೆ ತುದಿಯಲ್ಲಿತ್ತು.

ಅವನು ಮೇಷ್ಟ್ರನ್ನೇ ನೋಡುತ್ತಾ ನಿಧಾನಕ್ಕೆ ಕಣ್ಣು ಮುಚ್ಚಿ ತೆರೆದ. ಆಮೇಲೆ ಬೆಕ್ಕಿನ ಬಟ್ಟಲು ಎತ್ತಿಕೊಂಡು, ಚಪ್ಪಲಿ ಮೆಟ್ಟಿ, ಹಾಲಿನ ಬೂತಿನ ಕಡೆಗೆ ನಡೆದ.